ಲ್ಯಾಪ್‌ಟಾಪಿಗೆ ಹಾಕಿದ ಭಂಡಾರ

ಆ ಡಿಸ್ಕನ್ನ ಕೊಂದಾಕಿ ನಾನು. ಊರಾಗಿನ ಮಂದಿ ನನ್ನ ಮೈದುನ ಮಾಟ ಮಾಡಿಸ್ಯಾನ ಅಂದ್ರು. ಸೊಸಿ ಮೊದಲು ಕರೆಂಟಿನ ಮ್ಯಾಲ ಹಾಕಿದಳು. ಜತ್ತಿನ ರಿಪೇರಿಯಂವ, ಡಿಸ್ಕಿಗೂ ಒಂದು ಆಯುಷ್ಯ ಇರತೈತಿ ಅಂತ ಹೇಳಿ ನನ್ನ ಮಾರಿ ಉಳಿಸಾಕ ನೋಡಿದ. ಅವೆಲ್ಲಾ ಸುಳ್ಳು. ವಾರಾ ವಾರಾ ಭಂಡಾರ ಅಂದ್ರ ದೇವರ ಅರಿಷಿಣ ಹಾಕಿ ನಾನ ಅದರ ಉಸಿರು ಕಟ್ಟಿಸಿದೆ. ನಾಕು ದಿನ ಅದು ಒದರಿತು. ನಾ ಹಲ್ಲಿ ಅಂತ ತಿಳದು ನೆಲಕ್ಕ ಬೆರಳು ಕುಟ್ಟಿದೆ.

ಮೈದುನ ಅಂದ್ರ ನನ್ನ ಗಂಡನ ತಮ್ಮ. ನಾ ಈ ಮನಿಗಿ ಬಂದಾಗ ಅವನ ಮೂಗು ಒರಸಾಕ ಅವಗ ಬರತಿರಲಿಲ್ಲ, ನಾ ಒರಸೀನಿ. ಈಗ ಅವಗೂ ಮೊಮ್ಮಕ್ಕಳು ಅದಾರ. ನನ್ನ ಗಂಡ ಇದ್ದಾಗ ಇಬ್ಬರ ಹೊಲ ಬ್ಯಾರೆ ಆತು. ಬಾವಿ ನಮ್ಮ ಪಾಲಿಗಿ ಬಂತು, ಬಾವಿಗಿ ಹೋಗೂ ದಾರಿ ಅವನ ಪಾಲಿನ ಹೊಲದಾಗ ಉಳೀತು. ಹೆಣ್ಮಗಳೊಬ್ಬಾಕಿ ಕೊಡ ಹೊತಗೊಂಡು ಹೋಗಬೇಕಂದ್ರ ಎಲ್ಲಿಂದರೆ ಹೋಗಬಹುದು. ಎಂಬತ್ತು ಕುರಿ ನೀರಿಗಿ ಹೋಗಬೇಕಂದ್ರ ಅದೊಂದ ದಾರಿ.

ಹ್ವಾದ ವರ್ಷ ಮೈದುನ ಅಲ್ಲಿ ದಾಳಿಂಬ್ರಿ ಹಚ್ಚತೀನಿ, ಸುತ್ತ ತಂತಿ ಹೊಡಸತೀನಿ ಅಂದ. ಜಗಳ ಆತು. ಹಿರ್ಯಾರು ಮೂರು ಮಂದಿ ನಮ್ಮ ಪಡಸಾಲ್ಯಾಗ ಕರಿ ಕಂಬಳಿ ಹಾಸಿ ಕುಂತ್ರು. ನಡಕ್ಕ ದೇವರ ಭಂಡಾರದ ತಾಟು ಇಟ್ರು. ಮೈದುನ ಹಿಡಿ ತುಂಬ ಅರಿಷಿಣ ಎತ್ತಿ ಹಣಿಗಿ ಹಚ್ಚಿಕೊಂಡು, ವೈನಿ ಕುರಿ ಈ ದಾರೀಲೆ ಹೋಗಲಿ, ನಾ ಅಡ್ಡ ಬಂದ್ರ ಈ ಭಂಡಾರ ನೋಡಿಕೊಳ್ಳಲಿ ಅಂದ. ಮುಗೀತು. ನಮ್ಮಲ್ಲಿ ಭಂಡಾರ ಎತ್ತಿದ ಮ್ಯಾಲ ಕಾಗದಾ ಕೇಳೂದಿಲ್ಲ. ಕೇಳಿದ್ರ ದೇವರ ಮ್ಯಾಲ ಸಂಶೇ ಪಟ್ಟಂಗ. ನಾನೂ ಕೇಳಲಿಲ್ಲ.

ಕೇಳದಿದ್ರೂ ನನ್ನ ಸೊಸಿ ಸುಮ್ಮನ ಇರಲಿಲ್ಲ. ಆಕಿ ಶೇಗಾಂವದ ಹುಡುಗಿ, ಕಾಲೇಜು ಕಲ್ತಾಕಿ. ಅಡಗಿ ಮನಿ ಬಾಗಲದಾಗ ನಿಂತು ಮೊಬೈಲಿನ್ಯಾಗ ಎಲ್ಲಾ ತಗದಿದ್ದಳು. ಮಾತು, ಮಾರಿ, ಎತ್ತಿದ ಕೈ, ಎಲ್ಲಾ. ಅದನ್ನ ತವರಿಗಿ ಕಳಸತೀನಿ ಅಂದಾಗ ನಾನ ಬೈದೆ. ಆಣಿ ಮಾಡಿದ್ದು ಮಂದಿ ಮೊಬೈಲಿನ್ಯಾಗ ತಿರಗಬಾರದು ಅಂದೆ. ಆಕಿ ಮೊಬೈಲು ತುಂಬಿದಾಗ ಅದನ್ನ ಲ್ಯಾಪ್‌ಟಾಪಿಗಿ ಹಾಕಿ ಮೊಬೈಲಿನಿಂದ ತಗದಳು. ಹಿಂಗಾಗಿ ಅದು ಇದ್ದದ್ದು ಒಂದ ಕಡೆ.

ಆ ಲ್ಯಾಪ್‌ಟಾಪ್ ಹಳೇದು. ಊರ ಮಂದಿಗಿ ಹೊಲದ ಉತಾರ, ಸಾತಬಾರಾ, ತಗದು ಕೊಡೂದು, ಅರ್ಜಿ ತುಂಬೂದು, ಆಕಿ ಅದರಾಗ ಮಾಡತಾಳ. ಬಂದ್ ಮಾಡಿದ್ರ ತಿರುಗಿ ಚಾಲೂ ಆಗಾಕ ಅರ್ಧ ತಾಸು ಹಿಡೀತಿತ್ತು. ಅದಕ್ಕ ಬಂದ್ ಮಾಡತಿರಲಿಲ್ಲ, ಮುಚ್ಚಿ ಇಡತಿದ್ದಳು, ಒಳಗ ಗುಂಯ್ ಅಂತಿತ್ತು. ಪ್ಲಗ್ಗು ಇದ್ದದ್ದು ಗ್ವಾಡ್ಯಾಗಿನ ದೇವರ ಮಾಡದ ಕೆಳಗ. ಅಲ್ಲೇ ಒಂದು ಹಲಗಿ ಮ್ಯಾಲ ಅದರ ಜಾಗಾ.

ದೇವರಿಗಿ ನಾ ಆಯಿತವಾರ ಭಂಡಾರ ಹಾಕತೀನಿ, ಹಿರ್ಯಾರು ನಡಕ್ಕ ಇಟ್ಟ ಅದ ತಾಟಿನ್ಯಾಗಿಂದು. ಮೈದುನನ ಆಣಿ ಅದರಾಗ ಐತಿ ಅಂದ ಮ್ಯಾಲ ಲ್ಯಾಪ್‌ಟಾಪಿಗೂ ಒಂದು ಚಿಮಟಿ ಹಾಕಾಕ ಸುರು ಮಾಡಿದೆ. ಸೊಸಿ ಒಂದ ಸಲ ನೋಡಿ, "ಅತ್ತಿ, ದೇವರಿಗಿ ಫ್ಯಾನ್ ಇಲ್ಲರಿ, ಇದಕ್ಕ ಐತಿ, ಹಾಕಬ್ಯಾಡ್ರಿ" ಅಂದಳು. ಆವತ್ತಿನಿಂದ ಆಕಿ ನೀರಿಗಿ ಹೋದಾಗ ಹಾಕತಿದ್ದೆ. ಚಿಮಟಿ ಹೋಗಿ ಹಿಡಿ ಆತು.

ಈ ವರ್ಷ ಆಷಾಢ ಹಿಡದ ಕೂಡಲೇ ಮೈದುನ ಟ್ರ್ಯಾಕ್ಟರ್ ತಂದು ದಾರಿ ಹರಗಿದ. ನಾ ಹೋಗಿ ನೋಡಿದೆ. ದಾರಿ ಇದ್ದಲ್ಲಿ ಕರಿ ಹೆಂಟಿ ಮಕಾಡಿ ಬಿದ್ದಿದ್ವು. ಆ ಕಡೆ ನಮ್ಮ ಬಾವಿ ಕಾಣತಿತ್ತು, ಈ ಕಡೆ ನಾನು. ಮಗ ಹಿಂಡ ತಗೊಂಡು ಕೆಳಗಿನ ಸೀಮಿಗಿ ಹೋದಂವ ಇನ್ನ ಹದಿನೈದು ದಿನದಾಗ ಊರಿಗಿ ಬರೂದಿತ್ತು. ಅಷ್ಟರಾಗ ದಾರಿ ಸಿಗದಿದ್ರ ಕುರಿ ನೀರಿಲ್ಲದ ನಿಲ್ಲತಿದ್ವು. ಸೊಸಿ ಜತ್ತಿನ ತಹಸೀಲಿಗಿ ಅರ್ಜಿ ಕೊಟ್ಟಳು. ವಿಚಾರಣಿಗಿ ಮುಂದಿನ ಗುರುವಾರದ ತಾರೀಖು ಸಿಕ್ಕಿತು. ಮೈದುನ ಅಲ್ಲಿ, ಭಂಡಾರ ನಾ ಎತ್ತೇ ಇಲ್ಲ, ದಾರಿ ಅಂಬೂದ ಅಲ್ಲಿ ಇರಲಿಲ್ಲ ಅಂತ ಬರದು ಕೊಟ್ಟಿದ್ದ.

ಕಂಬಳಿ ಮ್ಯಾಲ ಕುಂತ ಮೂರು ಹಿರ್ಯಾರಾಗ ಒಬ್ಬರು ಸತ್ತಾರ. ಒಬ್ಬಂವ ಮೈದುನಗ ಬೀಗ ಆಗ್ಯಾನ. ಮೂರನೇದಂವ, ನನ್ನ ನಡಕ ತರಬ್ಯಾಡ ತಂಗಿ ಅಂತ ಕೈ ಮುಗದ. ಉಳದದ್ದು ಆ ವಿಡಿಯೋ.

ಶುಕ್ರವಾರ ಸಂಜಿಕ ನಾನು ಸೊಸಿ ಚಹಾ ಕುಡಕೋತ ಕುಂತಿದ್ವಿ. ಹೊರಗ ಗಾಳಿ. ಆಷಾಢದಾಗ ನಮ್ಮಲ್ಲಿ ಮಳಿ ಬರೂದಿಲ್ಲ, ಗಾಳಿ ಬರತೈತಿ. ಗುಡ್ಡದ ಮ್ಯಾಲಿನ ಗಾಳಿ ಯಂತ್ರ ಹಗಲು ರಾತ್ರಿ ಗುಂವ್ ಅಂತಿರತಾವ. ವಿಡಿಯೋ ಐತಿಲ್ಲೋ ಅಂತ ಕೇಳಿದೆ. ಐತ್ರಿ, ಲ್ಯಾಪ್‌ಟಾಪಿನ್ಯಾಗ ಗಟ್ಟಿ ಐತಿ, ಸೋಮವಾರ ಪೆನ್ ಡ್ರೈವಿಗಿ ಹಾಕತೀನಿ ಅಂದಳು. ಆಕಿ ಬಾಯಿ ಮುಚ್ಚೂದಕ್ಕ ದೇವರ ಮಾಡದ ಕಡಿಂದ ಟಕ್ ಟಕ್ ಟಕ್ ಅಂತು.

ಮಾತಿನ ಮ್ಯಾಲ ಹಲ್ಲಿ ನುಡೀತಂದ್ರ ಆ ಮಾತು ಖರೆ ಅಂತ ನಮ್ಮ ನಂಬಿಕಿ. ಕೇಳಿದವರು ನೆಲಕ್ಕ ಬೆರಳು ಕುಟ್ಟಬೇಕು. ನಾ ಕುಟ್ಟಿದೆ. ಕಾಲೇಜು ಕಲ್ತ ಸೊಸೀನೂ ನಕ್ಕೋತ ಕುಟ್ಟಿದಳು.

ಶನಿವಾರ ನಾ ಒಬ್ಬಾಕಿನ ಇದ್ದಾಗ, ಹಿಂಡ ಬರೂದ್ರಾಗ ದಾರಿ ತೆರೀತೈತಿ ಅಂತ ದೇವರಿಗಿ ಹೇಳಿದೆ. ನುಡೀತು. ಕುಟ್ಟಿದೆ. ಆಯಿತವಾರ ತಾರೀಖು ಹತ್ತರ ಬಂತಂತ ದೇವರಿಗಿ ಒಂದು ಹಿಡಿ, ಲ್ಯಾಪ್‌ಟಾಪಿಗಿ ಒಂದು ಹಿಡಿ ಭಂಡಾರ ಹಾಕಿ, ಸುಳ್ಳ ಹೇಳಿದಂವಗ ದಕ್ಕೂದಿಲ್ಲ ಅಂದೆ. ಈ ಸಲ ಮೂರಕ್ಕ ನಿಲ್ಲಲಿಲ್ಲ. ಕುಟ್ಟಿ ಕುಟ್ಟಿ ಬೆರಳು ನೊಂದ್ವು. ಎದ್ದು ಹಲ್ಲಿ ಹುಡಕಿದೆ. ಮಾಡದ ಒಳಗ ನೋಡಿದೆ, ಜಂತಿ ಸಂದ್ಯಾಗ ಕೋಲು ಹಾಕಿ ನೋಡಿದೆ. ಹಲ್ಲಿ ಇರಲಿಲ್ಲ. ಕಣ್ಣಿಗಿ ಬೀಳದ ಹಲ್ಲಿ ಅಂದ್ರ ದೇವರ ಹಲ್ಲಿ ಅಂದುಕೊಂಡೆ. ಬಗ್ಗಿದಾಗ ಕೈ ಲ್ಯಾಪ್‌ಟಾಪಿನ ಮ್ಯಾಲ ಬಿತ್ತು. ಕಾವಿಗಿ ಕುಂತ ಕೋಳಿ ಹೊಟ್ಟಿ ಹಂಗ ಸುಡತಿತ್ತು. ಕೈ ತಗದೆ. ಮತ್ತ ಏನೂ ವಿಚಾರ ಮಾಡಲಿಲ್ಲ.

ಸೋಮವಾರ ಮುಂಜಾನೆ ಸೊಸಿ ತೆರದಾಗ ಅದು ಹಿಂದಿಲ್ಲ ಮುಂದಿಲ್ಲ. ಆರಿಸಿ ಚಾಲೂ ಮಾಡಿದಳು. ಕರಿ ಪಡದಿ ಮ್ಯಾಲ ಬಿಳಿ ಅಕ್ಷರದ ಒಂದು ಸಾಲು ಬಂತು, ಕನ್ನಡಾನೂ ಅಲ್ಲ ಮರಾಠೀನೂ ಅಲ್ಲ. ಏನಂತೈತಿ ಅಂದೆ. ಡಿಸ್ಕ್ ಸಿಗವಲ್ದು ಅಂತೈತಿ ಅಂದಳು. ಅದರ ಹೊಟ್ಯಾಗಿಂದು ಅದಕ್ಕ ಹೆಂಗ ಸಿಗೂದಿಲ್ಲ ಅಂದೆ. ಒಳಗ ಐತ್ರಿ, ಆದರ ಕರದ್ರ ಓ ಅನ್ನವಲ್ದು ಅಂದಳು.

ಪ್ಲಗ್ಗು ಕಿತ್ತಳು, ಬ್ಯಾಟರಿ ತಗದಳು, ಬಟನ್ ಒತ್ತಿ ಹಿಡದು ಮನಸಿನ್ಯಾಗ ಎಣಿಸಿ ಬಿಟ್ಟಳು. ಇಲ್ಲ. ಚಾಲೂ ಆಗೂ ಮುಂದ ಒಂದು ಕೀಲಿ ಒತ್ತಿದ್ರ ನೀಲಿ ಪಡದಿ ಬರತೈತಿ, ಅದರಾಗ ಒಳಗಿನ ಸಾಮಾನೆಲ್ಲಾ ಒಂದರ ಕೆಳಗ ಒಂದು ಬರದಿರತೈತಿ. ಉಳದದ್ದೆಲ್ಲಾ ಇತ್ತು. ಡಿಸ್ಕಿನ ಹೆಸರು ಇರಬೇಕಾದಲ್ಲಿ ಇಲ್ಲ ಅಂತ ಬರದಿತ್ತು. ಆಕಿ ನಾಕು ಸಲ ತಗದು ನೋಡಿದಳು. ನಾಕು ಸಲಾನೂ ಇಲ್ಲ.

ಅವತ್ತ ಸಂಜಿಕ ಮೈದುನ ಬಂದ. ವರ್ಷಾತು, ಅಂವ ನಮ್ಮ ಕಟ್ಟಿ ಹತ್ತಿರಲಿಲ್ಲ. ಕುಂದರಲಿಲ್ಲ, ಕಂಬಕ್ಕ ಆತು ನಿಂತ.

"ವೈನಿ, ನಿಮ್ಮ ಡಬ್ಬಿ ಕೆಟ್ಟೈತೆಂತಲ್ಲರಿ."

ಯಾರು ಹೇಳಿದ್ರು ಅಂದೆ. ಗಾಳಿ ಭಾಳ ಐತಿ, ಮಾತು ತಾನ ಬರತೈತಿ ಅಂದ. ಒಳಗ ದೇವರ ಮಾಡದ ಕಡೆ ಒಂದ ಸಲ ನೋಡಿದ. ಚಹಾ ಕೇಳಿದೆ, ಒಲ್ಲೆ ಅಂದ. ಗುರುವಾರ ಜತ್ತಿನ್ಯಾಗ ಭೆಟ್ಟಿ ಆಗೂಣ್ರಿ ಅಂತ ಹೇಳಿ ಇಳದು ಹ್ವಾದ. ದನಿ ಮೆತ್ತಗಿತ್ತು. ಸಣ್ಣಾಂವ ಇದ್ದಾಗ ಬೆಲ್ಲ ಕದ್ದು ತಿಂದು ಇದ ದನೀಲೆ ಮಾತಾಡತಿದ್ದ.

ಮಂಗಳವಾರ ಸೊಸಿ ಮೊಬೈಲ್ ಅಂಗಡಿಯಿಂದ ಸಣ್ಣ ಸ್ಕ್ರೂಡ್ರೈವರ್ ತಂದಳು. ಪೇಪರ್ ಹಾಸಿ ಲ್ಯಾಪ್‌ಟಾಪ್ ಬೋರಲು ಮಲಗಿಸಿ ಬೆನ್ನು ಬಿಚ್ಚಿದಳು. ನಾ ಎದುರಿಗಿ ಕುಂತಿದ್ದೆ. ಮುಚ್ಚಳ ಎದ್ದ ಕೂಡಲೇ ಹಳದಿ ಬಿತ್ತು. ಫ್ಯಾನಿನ ಎಲಿಗಿ ಭಂಡಾರ ಮೆತ್ತಿತ್ತು. ಗಾಳಿ ಹೋಗೂ ಜಾಳಿಗ್ಯಾಗ ಧೂಳಿನ ಸಂಗಟ ಕೂಡಿ ಮುದ್ದಿ ಆಗಿತ್ತು. ಸೊಸಿ ನನ್ನ ಮಾರಿ ನೋಡಲಿಲ್ಲ. ಬೈದಿದ್ರ ಚಲೋ ಆಗತಿತ್ತು. ಬಣ್ಣದ ಬ್ರಷ್ ತಗೊಂಡು ಎಲ್ಲಾ ಝಾಡಿಸಿದಳು. ಭಂಡಾರ ಕಸದಾಗ ಹಾಕೂ ಹಂಗಿಲ್ಲ, ತುಳಿಯೂ ಹಂಗಿಲ್ಲ, ದಾಟೂ ಹಂಗಿಲ್ಲ. ನಾ ಅದನ್ನ ಬೆರಳಲೆ ಒಟ್ಟ ಮಾಡಿ ಅರಿವಿ ತುಂಡಿನ್ಯಾಗ ಕಟ್ಟಿಟ್ಟೆ. ಹಳದಿ ಹೋಗಿ ಬೂದಿ ಬಣ್ಣಕ್ಕ ತಿರಗಿತ್ತು.

ಡಿಸ್ಕು ನನ್ನ ಎಲಿ ಅಡಕಿ ಡಬ್ಬಿಗಿಂತ ಸಣ್ಣದು. ಆಕಿ ಅದನ್ನ ಎಳದು ತಗದು, ಹಲ್ಲಿನಂಥ ಅದರ ಚಿನ್ನದ ಬಣ್ಣದ ಪಟ್ಟಿಗಳನ್ನ ಸಾಲಿ ಹುಡುಗರ ರಬ್ಬರಲೆ ತಿಕ್ಕಿ, ತಿರುಗಿ ಒತ್ತಿ ಕುಂದ್ರಿಸಿದಳು. ಚಾಲೂ ಮಾಡಿದಳು. ನೀಲಿ ಪಡದ್ಯಾಗ ಹೆಸರು ಬಂತು.

ಒಂದು ತಾಸು ಆತು ಅದು ಪೂರಾ ತೆರಿಯಾಕ. ಸೊಸಿ ವಿಡಿಯೋ ಹುಡಕಿ ಒತ್ತಿದಳು. ನಮ್ಮ ಪಡಸಾಲಿ ಬಂತು, ಕರಿ ಕಂಬಳಿ ಬಂತು, ಮೈದುನನ ಬಿಳಿ ಟೊಪಗಿ ಬಂತು. ಅಂವ ಕೈ ಚಾಚಿದ. ಕೈ ಭಂಡಾರದ ತಾಟಿಗಿ ಇನ್ನೊಂದು ಗೇಣು ಇರೂದ್ರಾಗ ಚಿತ್ರ ನಿಂತು ಬಿಡ್ತು. ಮೈದುನ ಅಲ್ಲೇ, ಕೈ ಅಲ್ಲೇ. ಆಮ್ಯಾಲ ಟಕ್ ಟಕ್ ಟಕ್ ಅಂತು. ನನ್ನ ಬೆರಳು ತಾನ ನೆಲಕ್ಕ ಹೋತು, ಕುಟ್ಟಿದೆ.

ಸೊಸಿ ನನ್ನ ಕೈ ಹಿಡದಳು. "ಅತ್ತಿ, ಅದು ಹಲ್ಲಿ ಅಲ್ಲರಿ."

ಪಡದಿ ಕರ್ರಗಾತು. ಸದ್ದು ಮಾತ್ರ ನಿಲ್ಲಲಿಲ್ಲ, ಆಕಿ ಪ್ಲಗ್ಗು ಕೀಳೂ ತನಕ.

ಬುಧವಾರ ಮೊದಲನೇ ಬಸ್ಸಿಗಿ ಜತ್ತಿಗಿ ಹ್ವಾದಿವಿ. ಬಸ್ ಸ್ಟ್ಯಾಂಡ್ ಹಿಂದ ರಿಪೇರಿ ಅಂಗಡಿ. ಅಂವ ಮರಾಠಿ ಮಾತಾಡೂ ಹುಡುಗ, ಕೈ ಸಾವಕಾಶ ಇದ್ದಂವ. ಡಿಸ್ಕನ್ನ ಬ್ಯಾರೆ ಡಬ್ಬ್ಯಾಗ ಹಾಕಿ ವೈರಲೆ ತನ್ನ ಮಷಿನಿಗಿ ಜೋಡಿಸಿದ. ಅವನ ಮಷಿನಿಗೂ ಅದು ಓ ಅನ್ನಲಿಲ್ಲ. ವೈರು ಬದಲ ಮಾಡಿದ, ಇನ್ನೊಂದು ಮಷಿನಿಗಿ ಹಚ್ಚಿದ. ಕಡೀಕ ಕಿವಿಗಿ ಇಟಗೊಂಡು ಕೇಳಿದ, ನನ್ನ ಕಡೆ ಚಾಚಿದ. ನಾನೂ ಕಿವಿಗಿ ಇಟಗೊಂಡೆ. ನಾಕು ದಿನ ನನ್ನ ಮಾತಿಗಿ ಹೌದು ಹೌದು ಅಂದ ದನಿ ಅದ.

ಒಳಗ ಕನ್ನಡಿಯಂಥ ತಾಟು ತಿರಗತೈತಂತ. ಅದರ ಮ್ಯಾಲ ಒಂದು ಮುಳ್ಳು, ತಾಟಿಗಿ ಹತ್ತದಂಗ ಓಡಾಡತೈತಂತ. ಕಾವು ಹೆಚ್ಚಾಗಿ ಮುಳ್ಳು ಜಾಗಾ ತಪ್ಪೈತಿ, ಒಂದೊಂದು ಟಕ್ಕಿಗೂ ಜಾಗಾ ಹುಡಕಾಕ ಹೋಗಿ ತಾಟು ಕೆರದೈತಿ ಅಂದ. ಮೊದಲನೇ ಸದ್ದಿಗಿ ಬಂದ್ ಮಾಡಿ ತಂದಿದ್ರ ತಗದು ಕೊಡತಿದ್ದನಂತ. ಈಗ ಪುಣೆಕ ಕಳಸಬೇಕು, ತಿಂಗಳ ಹಿಡೀತೈತಿ, ಬಂದ್ರ ಬರತೈತಿ. ಒಳಗ ಹಳದಿ ಯಾಕ ಐತಿ ಅಂತ ಕೇಳಿದ. ನಾ ಹಾಕೀನಿ ಅಂದೆ. ಆವಾಗ ಅಂವ ಡಿಸ್ಕಿನ ಆಯುಷ್ಯದ ಮಾತು ತಗದ.

ತಿರುಗಿ ಬರೂ ಮುಂದ ಸೊಸಿ ಬಸ್ಸಿನ ಕಿಡಕಿ ಕಡೆ ಮಾರಿ ಮಾಡಿ ಕುಂತಿದ್ದಳು. ಅರ್ಧ ದಾರ್‍ಯಾಗ ಮಗನ ಫೋನ್ ಬಂತು. ಹಿಂಡ ಲಗೂನ ನಡದೈತಿ, ಇನ್ನ ಎರಡು ದಿನದಾಗ ಬರತೀವಿ, ಬಾವಿ ನೀರು ಹೆಂಗ ಐತಿ ಅಂತ ಕೇಳಿದ. ಐತಿ ಅಂತ ಅಷ್ಟ ಹೇಳಿ ಇಟ್ಟಳು. ಮನಿ ಕಟ್ಟಿ ಹತ್ತೂ ಮುಂದ ಆಕಿ ಕೇಳಿದಳು.

"ನಾಳಿ ಸಾಹೇಬರು ಏನ್ ಐತಿ ತೋರಸ್ರಿ ಅಂದ್ರ ಏನು ತೋರಸೂದ್ರಿ, ಅತ್ತಿ?"

ರೊಟ್ಟಿ ಬಡದೆ, ಆಕಿ ತಿನ್ನಲಿಲ್ಲ. ನಾ ತಿಂದೆ. ಹಸದು ಕುಂತ್ರ ಡಿಸ್ಕ್ ತಿರುಗಿ ಬರತಿರಲಿಲ್ಲ.

ಗುರುವಾರ ಮುಂಜಾನೆ ಸೊಸಿ ಬಸ್ಸಿಗಿ ತಯಾರಾಗತಿದ್ದಳು. ನಾ ಮೈ ತೊಳಕೊಂಡು, ತಲಿ ಮ್ಯಾಲ ಸೆರಗ ಹೊತ್ತು, ಆ ಅರಿವಿ ಗಂಟು ತಗೊಂಡು ಮೈದುನನ ಮನಿಗಿ ನಡದೆ. ಹಾಲಿನ ಹೊತ್ತು, ಓಣ್ಯಾಗ ಮಂದಿ ಇದ್ರು. ಅಂವ ಬಿಳಿ ಟೊಪಗಿ ಹಾಕೊಂಡು, ಕಾಗದದ ಚೀಲ ಬಗಲಾಗ ಇಟಗೊಂಡು ಹೊರಗ ಬರಾಕ ಹತ್ತಿದ್ದ. ನನ್ನ ನೋಡಿ ಬಾಗಲದ ಒಳಗ ನಿಂತ. ಗಂಟು ಬಿಚ್ಚಿ ಅದರಾಗಿನ ಭಂಡಾರನ್ನ ಅವನ ಹೊಸ್ತಿಲ ಮ್ಯಾಲ ಈ ತುದಿಯಿಂದ ಆ ತುದಿ ತನಕ ಸುರವಿದೆ. ಗಾಳಿಗಿ ಹಾರಬಾರದಂತ ಎರಡೂ ಕೈ ಅಡ್ಡ ಹಿಡದು ಅಲ್ಲೇ ಕುಂತೆ.

"ನೀ ಎತ್ತಿದ ಭಂಡಾರ ಇದು. ತಾರೀಖಿಗಿ ಹೊಂಟೀಯಲ್ಲ, ದಾಟಿ ಹೋಗು" ಅಂದೆ.