ಮುನ್ನೂರ ನಲವತ್ತನೇ ಸಾಲು

ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದಿದ್ದರೂ, ಸಿಂಗಪುರದ ಚೋವಾ ಚು ಕಾಂಗ್‌ನ ನಮ್ಮ ಪಕ್ಕದ್ಮನೆ ಅಂಕಲ್ ಎಂಬತ್ತರ ದಶಕದ ಕಂಪ್ಯೂಟರ್ ಮ್ಯಾಗಜೀನ್ ಬಿಟ್ಟಿರಲಿಲ್ಲ. ಅದರಲ್ಲಿ ಅಚ್ಚಾಗಿದ್ದ ರಾಕೆಟ್ ಗೇಮಿನ ಪ್ರೋಗ್ರಾಮನ್ನು ಅಷ್ಟೇ ಹಳೇ ಕಂಪ್ಯೂಟರಿಗೆ ಟೈಪ್ ಮಾಡುವುದೇ ಅವರ ಭಾನುವಾರ. ನಾನು ಸಾಲುಸಾಲಾಗಿ ಓದಬೇಕು, ಅವರು ಕುಟ್ಟಬೇಕು. ರಾಕೆಟ್ ಮಾತ್ರ ಒಂದು ಸಲವೂ ಮೇಲೇಳಲಿಲ್ಲ.

"ತಪ್ಪು ನಮ್ದೇ ಇರುತ್ತೆ. ಮೊದಲಿಂದ ಓದಿ," ಅಂತ ಕನ್ನಡಕ ಒರೆಸುತ್ತಿದ್ದರು.

ಒಮ್ಮೆ ಹಳೇ ಪುಸ್ತಕದಂಗಡಿಯಲ್ಲಿ ಆ ಮ್ಯಾಗಜೀನಿನ ಮುಂದಿನ ಸಂಚಿಕೆ ಸಿಕ್ಕಿತು. ಮೂಲೆಯಲ್ಲಿ ಪುಟ್ಟ ತಿದ್ದುಪಡಿ: ರಾಕೆಟ್ ಗೇಮಿನ ಮುನ್ನೂರ ನಲವತ್ತನೇ ಸಾಲು ತಪ್ಪಾಗಿ ಅಚ್ಚಾಗಿದೆ. ಓಡಿಬಂದು ತೋರಿಸಿದೆ. "ಅಂಕಲ್, ತಪ್ಪು ನಮ್ದಲ್ಲ!"

ಓದಿದರು. ಮುಖ ಸಪ್ಪಗಾಯಿತು.

"ಮುಗೀತಾ? ಹಾಗಾದ್ರೆ ಇನ್ಮೇಲೆ ಭಾನುವಾರ ಮಾರ್ಕೆಟ್‌ಗೆ ಬರ್ತೀರಲ್ಲ?" ಅಂದರು ಒಳಗಿಂದ ಆಂಟಿ.

ಅಂಕಲ್ ಆ ಸಂಚಿಕೆಯನ್ನು ಹಳೇ ಪುಸ್ತಕಗಳ ರಾಶಿಯ ತಳಕ್ಕೆ ತುರುಕಿ ಕನ್ನಡಕ ಒರೆಸಿದರು.

"ತಪ್ಪು ನಮ್ದೇ ಇರುತ್ತೆ. ಮೊದಲಿಂದ ಓದಿ."