ತೊಡೆ ತಟ್ಟಿದ ಕೈ

ಫುಟ್‌ಬಾಲ್ ಮೈದಾನದ ಅಂಚಿನಲ್ಲಿ ಕೋಲು ಹಿಡಿದು ನಿಲ್ಲುವ ಕೆಲಸಕ್ಕೆ ನಾನಾಗಿಯೇ ಹೆಸರು ಕೊಟ್ಟಿದ್ದೆ. ಚೆಂಡು ಎಲ್ಲಿದೆ, ಇದು ಎಷ್ಟನೆಯ ಪ್ರಯತ್ನ ಎಂದು ತೋರಿಸುವ ಕೋಲು ಅದು. ಹೈಸ್ಕೂಲಿನ ಕಿರಿಯ ತಂಡದ ಪಂದ್ಯಗಳಲ್ಲಿ ಇಂಥ ಕೆಲಸವನ್ನೆಲ್ಲ ಮಕ್ಕಳ ಅಪ್ಪ ಅಮ್ಮಂದಿರೇ ಮಾಡಬೇಕು. ಪ್ರತಿ ಪಂದ್ಯಕ್ಕೂ ಮುಂಚೆ ರೆಫರಿ ಬಂದು ಅದೇ ಮಾತು ಹೇಳುತ್ತಿದ್ದರು: ಕೂಗಬೇಡಿ, ಚಪ್ಪಾಳೆ ತಟ್ಟಬೇಡಿ, ಹುಡುಗರಿಗೆ ಏನನ್ನೂ ಹೇಳಿಕೊಡಬೇಡಿ. ನಾನು ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸುತ್ತಿದ್ದೆ.

ಅಮೆರಿಕದ ಫುಟ್‌ಬಾಲು ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ನನ್ನ ಮಗ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಎದುರು ಸಾಲಿನ ಹುಡುಗ ತನ್ನನ್ನು ದಾಟಿ ಚೆಂಡಿನ ಹತ್ತಿರ ಹೋಗದಂತೆ ತಡೆಯುವುದಷ್ಟೇ ಅವನ ಕೆಲಸ. ಎದುರಿನವರೆಲ್ಲ ಫ್ರಿಜ್ಜಿನಷ್ಟು ದಪ್ಪ. ಇವನು ಮೊಸರನ್ನ ತಿಂದು ಬೆಳೆದ ಹದಿನೈದರ ಹುಡುಗ. ಪಂದ್ಯ ಮುಗಿಸಿ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಪೆಟ್ಟು ತಿಂದು ನೀಲಿಗಟ್ಟಿದ ಅವನ ತೋಳು ನೋಡಲಾಗುತ್ತಿರಲಿಲ್ಲ. ನನಗೆ ಸಂಕಟಕ್ಕಿಂತ ಸಿಟ್ಟು ಹೆಚ್ಚಾಗುತ್ತಿತ್ತು. ನನ್ನ ಮಗನನ್ನು ಯಾರೋ ಹೀಗೆ ಕೆಡವುವುದೆಂದರೇನು?

ಮಂಡ್ಯದಲ್ಲಿ ಓದುವಾಗ ನಾನು ಕಾಲೇಜಿನ ಕಬಡ್ಡಿ ತಂಡದಲ್ಲಿದ್ದೆ. ಸಣಕಲನಾಗಿದ್ದರೂ ಕಾಲು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ ಎಂದು ಈಗಲೂ ಜಂಬ ಕೊಚ್ಚಿಕೊಳ್ಳುತ್ತೇನೆ. ಎಂಥ ಭೀಮ ಬಂದರೂ ಕಾಲು ಸಿಕ್ಕಿತೆಂದರೆ ಮುಗಿಯಿತು. ಇಲ್ಲೂ ಅದೇ ಮದ್ದು ಎಂದುಕೊಂಡೆ. ಇಂಜಿನಿಯರ್ ಬುದ್ಧಿ, ಮೊದಲು ನಿಯಮದ ಪುಸ್ತಕ ಓದಿದೆ. ಎದುರಾಳಿಯ ಸೊಂಟದ ಕೆಳಗೆ ಬಿದ್ದು ತಡೆಯುವುದು ಸಾಮಾನ್ಯವಾಗಿ ತಪ್ಪು. ಆದರೆ ಸಾಲಿನಲ್ಲಿ ಎದುರುಬದುರು ನಿಂತವರಿಗೆ ಒಂದು ಸಣ್ಣ ವಿನಾಯಿತಿ ಇತ್ತು: ಚೆಂಡು ನೆಲದಿಂದ ಎದ್ದ ಕೂಡಲೇ, ಅದಿನ್ನೂ ಸಾಲಿನ ಹತ್ತಿರವೇ ಇರುವಾಗ, ಮೊದಲ ಚಲನೆಯಲ್ಲೇ ಕಾಲಿಗೆ ಬೀಳಬಹುದು. ಕಣ್ಣು ಮಿಟುಕಿಸಿದರೆ ಆ ಅವಕಾಶ ಹೋಯಿತು. ಕೋಚು ಇದನ್ನು ಹುಡುಗರಿಗೆ ಹೇಳಿಕೊಡುತ್ತಿರಲಿಲ್ಲ. ಪಾಪ, ಆತನಿಗೆ ಗೊತ್ತಿಲ್ಲ ಎಂದುಕೊಂಡೆ. ಅಷ್ಟು ಬುದ್ಧಿವಂತ ನಾನು.

ಹಿತ್ತಲಿನಲ್ಲಿ ಸೋಫಾದ ದಿಂಬುಗಳನ್ನು ನಿಲ್ಲಿಸಿ ಮೂರು ಭಾನುವಾರ ಕಲಿಸಿದೆ. ಯಾವಾಗ ಬೀಳಬೇಕು ಎಂಬುದಕ್ಕೆ ಒಂದು ಗುರುತು ಮಾಡಿಕೊಂಡೆವು. ನಾನು ತೊಡೆ ತಟ್ಟಿದರೆ ಮುಂದಿನ ಸಲ ಕಾಲಿಗೆ ಬೀಳಬೇಕು.

ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ನನ್ನ ಹೆಂಡತಿ, "ಆ ಹುಡುಗರ ಕಾಲನ್ನೂ ಯಾರೋ ಎಣ್ಣೆ ಹಚ್ಚಿ ಸಾಕಿರ್ತಾರೆ ಕಣ್ರೀ," ಅಂದಳು.

"ರೂಲ್ಸಲ್ಲೇ ಇದೆ ಕಣೇ, ಲೀಗಲ್ಲು," ಅಂದೆ.

ಮಗ ಏನೂ ಅನ್ನಲಿಲ್ಲ. ಅವನ ಮೌನವನ್ನು ನಾನು ಒಪ್ಪಿಗೆ ಎಂದು ಲೆಕ್ಕ ಹಾಕಿದೆ.

ಅಕ್ಟೋಬರಿನ ಒಂದು ಮಧ್ಯಾಹ್ನ ಕ್ಯಾಂಪ್‌ಬೆಲ್ ಕಡೆಯ ಶಾಲೆಯೊಂದರ ತಂಡ ಬಂತು. ನನ್ನ ಮಗನ ಎದುರಿಗೆ ನಿಂತವನು ಎತ್ತರದ ಹುಡುಗ. ಹಾಗೆ ನೋಡಿದರೆ ಮಗ ಅವತ್ತು ಚೆನ್ನಾಗಿಯೇ ಆಡುತ್ತಿದ್ದ. ಬಿದ್ದದ್ದು ಎರಡೇ ಸಲ. ಆ ಎರಡು ಮಾತ್ರ ನನ್ನ ಕಣ್ಣಿಗೆ ಚುಚ್ಚಿದವು. ಪಂದ್ಯ ಕೊನೆಯ ಘಟ್ಟಕ್ಕೆ ಬಂದಿತ್ತು. ಮಗ ನನ್ನ ಕಡೆ ನೋಡಿದ. ನಾನು ಕೋಲನ್ನು ಎಡಗೈಗೆ ಬದಲಿಸಿ ಬಲಗೈಯಿಂದ ತೊಡೆ ತಟ್ಟಿದೆ.

ಚೆಂಡು ಎದ್ದಿತು. ಅವನು ಬೀಳಲಿಲ್ಲ, ಎದುರಿನವನ ಎದೆಗೆ ಕೈ ಕೊಟ್ಟು ನಿಂತ. ಆಟ ನಡೆಯುತ್ತಿರುವಾಗಲೇ ನಾನು ಇನ್ನೊಮ್ಮೆ ತೊಡೆ ತಟ್ಟಿದೆ, ಈ ಸಲ ಜೋರಾಗಿ. ಮಗ ನನ್ನ ಕಡೆ ನೋಡಿ ಕಾಲಿಗೆ ಬಿದ್ದ. ಅಷ್ಟರಲ್ಲಿ ಚೆಂಡು ಎಷ್ಟೋ ಹಿಂದಕ್ಕೆ ಹೋಗಿಯಾಗಿತ್ತು, ವಿನಾಯಿತಿಯ ಗಳಿಗೆ ಮುಗಿದಿತ್ತು. ಆ ಎತ್ತರದ ಹುಡುಗನ ಕಣ್ಣು ಚೆಂಡಿನ ಮೇಲಿತ್ತು, ಮೊಣಕಾಲಿನ ಮೇಲಿರಲಿಲ್ಲ. ನಾವು ಬರಿಗಾಲಲ್ಲಿ ಮಣ್ಣಿನ ಮೇಲೆ ಆಡಿದವರು. ಯಾರಾದರೂ ಹಿಡಿದರೆ ಕಾಲು ಜಾರುತ್ತಿತ್ತು, ಮೈ ಉಳಿಯುತ್ತಿತ್ತು. ಇಲ್ಲಿ ಬೂಟಿನ ತಳದಲ್ಲಿ ಮೊಳೆಯಂಥ ಗುಬಟುಗಳು, ಅವು ಪ್ಲಾಸ್ಟಿಕ್ ಹುಲ್ಲಿನಲ್ಲಿ ಕಚ್ಚಿಕೊಂಡಿರುತ್ತವೆ. ಪಾದ ಅಲ್ಲೇ ಉಳಿಯಿತು, ಮೈ ತಿರುಗಿತು. ಇಡೀ ಪುಸ್ತಕ ಓದಿದ ನನಗೆ ಈ ಬೂಟಿನ ಯೋಚನೆ ಒಮ್ಮೆಯೂ ಬಂದಿರಲಿಲ್ಲ.

ಆ ಹುಡುಗ ಕಿರುಚಿದ. ತಪ್ಪಾಟದ ಗುರುತಾಗಿ ರೆಫರಿ ಹಳದಿ ಬಟ್ಟೆ ಎಸೆದಿದ್ದರು. ಹುಡುಗನನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು. ಆಮೇಲೆ ನಮ್ಮ ತಂಡಕ್ಕೆ ಹದಿನೈದು ಗಜದ ಶಿಕ್ಷೆಯಾಯಿತು. ಕೋಲು ಹಿಡಿದು ಹದಿನೈದು ಗಜ ಹಿಂದಕ್ಕೆ ನಡೆದವನು ನಾನೇ.

ಕೋಚು ಮಗನ ಶಿರಸ್ತ್ರಾಣ ಹಿಡಿದು, "ಇದನ್ನ ಯಾರು ಕಲಿಸಿದ್ರು ನಿಂಗೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನೋಬಡಿ, ಕೋಚ್. ಐ ವಾಸ್ ಲೇಟ್," ಅಂದ ಮಗ.

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ನನಗೆ ಕೇಳಿಸಿತು.

ಆ ಹುಡುಗನ ಮಂಡಿಯ ಒಳಗಿನ ಅಸ್ಥಿರಜ್ಜು ಹರಿದಿದೆ, ಆಪರೇಷನ್ ಆಗಬೇಕು ಎಂದು ಮರುದಿನ ತಿಳಿಯಿತು. ಮಗ ಹಟ ಹಿಡಿದ, ನೋಡಿ ಬರಲೇಬೇಕು ಅಂದ. ಭಾನುವಾರ ಇಬ್ಬರೂ ಹೋದೆವು. ಹೆಂಡತಿ ಒಂದು ಡಬ್ಬಿ ಕೋಡುಬಳೆ ಕೊಟ್ಟಿದ್ದಳು. ಹುಡುಗ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ, ಮಂಡಿಯ ಕೆಳಗೆ ಎರಡು ದಿಂಬು. ಆ ದಿಂಬುಗಳನ್ನು ನೋಡಲು ನನ್ನಿಂದಾಗಲಿಲ್ಲ.

ಅವನು ಸಿಟ್ಟಿಲ್ಲದೆ ಮಗನನ್ನು ಕೇಳಿದ: "ನೀನು ನನ್ನನ್ನ ಚೆನ್ನಾಗೇ ತಡೀತಿದ್ದೆ. ಕೆಳಗ್ಯಾಕೆ ಬಂದೆ?"

ಕೋಣೆಯಲ್ಲಿ ನಾವು ನಾಲ್ವರೇ: ಇಬ್ಬರು ಹುಡುಗರು, ಇಬ್ಬರು ಅಪ್ಪಂದಿರು. ಹುಡುಗನ ಅಪ್ಪ ನನ್ನನ್ನೇ ನೋಡುತ್ತಿದ್ದರು. ನಾನು ಕೋಡುಬಳೆ ಡಬ್ಬಿಯ ಮುಚ್ಚಳ ಒತ್ತಿ ಭದ್ರಮಾಡಿದೆ.

"ಸುಸ್ತಾಗಿತ್ತು," ಅಂದ ನನ್ನ ಮಗ. "ಸಾರಿ."

ನಾನೂ "ಸಾರಿ" ಅಂದೆ. ಡಬ್ಬಿ ಕೊಟ್ಟೆ. ಕಾಫಿ ಕುಡಿದು ಬಂದೆವು. ಫ್ರೀವೇಯಲ್ಲಿ ಅವನು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದ. ಆ ವಾರವೇ ತಂಡ ಬಿಟ್ಟ. ಓದು ಜಾಸ್ತಿ ಅಂದ; ನಂಬಿದ ಹಾಗೆ ನಟಿಸಿದೆ.

ಜನವರಿಯವರೆಗೆ ಹೇಗೋ ತಳ್ಳಿದೆ. ಆಫೀಸಿನ ಮೀಟಿಂಗಿನಲ್ಲಿ ಕೂತಿರುವಾಗಲೂ ಕೈ ತೊಡೆಯ ಮೇಲಿದ್ದರೆ ತೆಗೆದು ಮೇಜಿನ ಮೇಲಿಡುತ್ತಿದ್ದೆ. ಕೊನೆಗೆ ಒಂದು ಶನಿವಾರ ಒಬ್ಬನೇ ಕ್ಯಾಂಪ್‌ಬೆಲ್‌ಗೆ ಹೋದೆ. ಹುಡುಗನ ಅಪ್ಪ ಬಾಗಿಲು ತೆರೆದರು. ನಿಂತಲ್ಲೇ ಎಲ್ಲ ಒದರಿದೆ: ದಿಂಬು, ತೊಡೆ, ಎರಡನೆಯ ಸಲ ತಟ್ಟಿದ್ದು.

"ಗೊತ್ತು," ಅಂದರು ಅವರು. "ವಿಡಿಯೋದಲ್ಲಿ ಕಾಣುತ್ತೆ. ನಿಮ್ಮ ಹುಡುಗ ನಿಮ್ಮನ್ನ ನೋಡಿ, ಆಮೇಲೆ ಬೀಳ್ತಾನೆ. ಅವತ್ತು ಇಲ್ಲಿಗೆ ಬಂದಾಗ ಹೇಳ್ತೀರಿ ಅಂತ ನಾನು, ನನ್ನ ಮಗ ಇಬ್ರೂ ಕಾದ್ವಿ. ನಿಮ್ಮ ಮಗನೂ ಕಾಯ್ತಿದ್ದ ಅನ್ಸುತ್ತೆ."

ಒಳಗೆ ಅವರ ಮಗ ಕೋಲೂರಿಕೊಂಡು ನಡೆಯುವ ಸದ್ದು ಕೇಳುತ್ತಿತ್ತು. ಅವನು ಮತ್ತೆ ಆಡುತ್ತಾನೋ ಇಲ್ಲವೋ ಡಾಕ್ಟರೂ ಹೇಳುತ್ತಿಲ್ಲವಂತೆ.

ಮನೆಗೆ ಬಂದಾಗ ಮಗ ಗ್ಯಾರೇಜಿನಲ್ಲಿ ತನ್ನ ಆಟದ ಬೂಟು, ಭುಜದ ಕವಚಗಳನ್ನು ದಾನಕ್ಕೆ ಕೊಡುವ ಪೆಟ್ಟಿಗೆಗೆ ತುಂಬುತ್ತಿದ್ದ. ಅವನ ಮುಂದೆ ನಿಂತು, "ತಪ್ಪು ನಂದು ಕಣೋ. ನಿಂದಲ್ಲ. ಅವರ ಮನೇಲೇ ಹೇಳ್ಬೇಕಿತ್ತು," ಅಂದೆ.

ಅವನು ಬೂಟಿನ ಲೇಸು ಕಟ್ಟಿ ಪೆಟ್ಟಿಗೆಯೊಳಗಿಟ್ಟ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗ, ಅವತ್ತು ಒಂದೊಂದೇ ಪದ ಹುಡುಕಿ ಕನ್ನಡದಲ್ಲಿ ಹೇಳಿದ.

"ಅವತ್ತು ಹೇಳಿದ್ರೆ, ನಾನು ಆಟ ಬಿಡ್ತಿರ್ಲಿಲ್ಲ ಅಪ್ಪಾ."

ಆಮೇಲೆ ಪೆಟ್ಟಿಗೆಯ ಇನ್ನೊಂದು ಕಡೆ ಹಿಡಿಯಲು ನನಗೆ ಹೇಳಿದ. ಇಬ್ಬರೂ ಎತ್ತಿ ಕಾರಿನಲ್ಲಿಟ್ಟೆವು.