ಅಮ್ಮನೂ ನಮ್ಮ ಜೊತೆ ಬಸ್ಸು ಹತ್ತಿದಳು

ಮಾರಿಯಮ್ಮನನ್ನು ನಂಬಿ ಮಕ್ಕಳನ್ನು ಸಾಕುತ್ತಿರುವ ತಾಯಂದಿರೇ, ನನ್ನ ಮನೆಯಲ್ಲಿ ನಡೆದದ್ದನ್ನು ನಿಮ್ಮ ಮುಂದಿಡುತ್ತೇನೆ.

1994ರಲ್ಲಿ ಶಿವರಾತ್ರಿ ಕಳೆದ ಮೇಲೆ ನಂಗವಳ್ಳಿ ಹತ್ತಿರದ ನಮ್ಮೂರಿಗೆ ದಡಾರ ಬಂತು. ಮನೆಮನೆಯ ಬಾಗಿಲಿಗೂ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಮಕ್ಕಳೆಂದ ಮೇಲೆ ಬಂದು ಹೋಗುವ ಕಾಯಿಲೆ ಎಂದೇ ಎಲ್ಲರ ಮಾತು. ಆದರೆ ಹಿಂದಿನ ಬೀದಿಯ ಒಂದು ಕೂಸು ಹೋಗಿಯೇಬಿಟ್ಟಿತು. ಆಮೇಲೆ ನನ್ನ ಮೂರು ವರ್ಷದ ಮಂಜುಳಾಗೆ ಜ್ವರ ಬಂತು.

ಮನೆಯವರು ಮೆಟ್ಟೂರಿನಲ್ಲಿ ಪಾಳಿ ಕೆಲಸದಲ್ಲಿದ್ದರು. ನಾನು, ನಮ್ಮತ್ತೆ ಇಬ್ಬರೇ. ಒಗ್ಗರಣೆ ಹಾಕದೆ, ಹೊರಗಿನವರನ್ನು ಸೇರಿಸದೆ ಮಡಿಯಿಂದ ನೋಡಿಕೊಂಡೆವು. ಮೈಮೇಲಿನ ಗುಳ್ಳೆ ಬಾಡಿದವು. ಆದರೆ ಉಸಿರು ಕೆಟ್ಟಿತು. ಪಕ್ಕೆ ಒಳಗೆ ಸೆಳೆಯುತ್ತಿತ್ತು, ತುಟಿ ಕಪ್ಪಾಗುತ್ತಿತ್ತು.

"ಸೇಲಂ ಆಸ್ಪತ್ರೆಗೆ ಓಗಾಣ ಅತ್ತೆ," ಎಂದೆ.

"ಕೂಸಿಗೆ ಬೇವಿನ ನೀರು ಮೂರು ಸಲ ಉಯ್ಯೋಗಂಟ ಒಸ್ಲು ದಾಟಂಗಿಲ್ಲ. ಅಮ್ಮ ಮನೆಯಾಗವ್ಳೆ. ಬುಟ್ಟು ಓದ್ರೆ ಮುನಿತಾಳೆ."

ನಾನು ಮಾತು ಬೆಳೆಸದೆ ನೇರ ಗುಡಿಗೆ ಹೋದೆ. "ತಾಯೀ, ತಪ್ಪಾದರೆ ನನ್ನನ್ನು ಹಿಡಿ. ಕೂಸನ್ನು ನಾನು ಕರೆದುಕೊಂಡು ಹೋಗುವವಳೇ. ಅತ್ತೆಯ ಮನಸ್ಸು ನೀನೇ ತಿರುಗಿಸು, ಕೂಸು ಉಳಿದರೆ ಪೊಂಗಲಿಡುತ್ತೇನೆ," ಎಂದು ಅಡ್ಡಬಿದ್ದೆ.

ಮನೆಗೆ ಬಂದರೆ ಅತ್ತೆ ಮಗುವನ್ನು ಹಳೇ ಸೀರೆಯಲ್ಲಿ ಸುತ್ತಿ, ಬೇವಿನೆಲೆ ಸಿಕ್ಕಿಸಿ, ಹೊಸ್ತಿಲ ಆಚೆ ನಿಂತಿದ್ದರು!

"ನನ್ ಎರಡ್ನೇ ಕೂಸು ಇಂಗೇ ಎದೆ ಎಳ್ಕೊಂಡು ಓಯ್ತು ಕಣಮ್ಮಿ. ಅವತ್ತು ಕುಂತು ನೋಡ್ದೆ. ಅಮ್ಮನ್ನ ಬುಟ್ಟು ಓದ್ರೆ ತಾನೆ ತಪ್ಪು? ಅವ್ಳನ್ನೂ ಕರ್ಕೊಂಡೇ ಓಗಾಣ, ನಡಿ."

ನಾನು ಕೇಳಿದ್ದು ಅಷ್ಟು ಬೇಗ ಕೊಟ್ಟಳು ತಾಯಿ.

ಬಸ್ಸಿನಲ್ಲಿ ಕಂಡಕ್ಟರು ಬೇವಿನೆಲೆ ನೋಡಿ, "ಅಮ್ಮೈ ಪೋಟ್ಟಿರುಕ್ಕಾ?" ಎಂದು, ಅಮ್ಮ ಬಂದಿದ್ದಾಳಾ ಎಂದು ತಮಿಳಿನಲ್ಲಿ ಕೇಳಿ, ಹಿಂದಿನ ಸೀಟು ಖಾಲಿ ಮಾಡಿಸಿದ. ಹೆಂಗಸರು ಕೈಮುಗಿದರು, ಮುಗಿದು ತಂತಮ್ಮ ಮಕ್ಕಳನ್ನು ಮುಂದಕ್ಕೆ ಎಳೆದುಕೊಂಡರು. ತಾರಮಂಗಲ ದಾಟುವಾಗ ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಅತ್ತೆ ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಅಮ್ಮನ ಹೆಸರು ಹೇಳುತ್ತಲೇ ಇದ್ದರು.

ಮಕ್ಕಳ ವಾರ್ಡಿನಲ್ಲಿ ಒಂದೊಂದು ಮಂಚಕ್ಕೂ ಇಬ್ಬಿಬ್ಬರು. ಹರೂರಿನವರು, ಮೆಟ್ಟೂರಿನವರು, ಎಲ್ಲರದೂ ಇದೇ ಕಥೆ. ದಡಾರ ಇಳಿಯುವಾಗ ಶ್ವಾಸಕೋಶಕ್ಕೆ ಹಿಡಿಯುವುದು ಮಕ್ಕಳಲ್ಲಿ ಸಾಮಾನ್ಯ, ಪ್ರಾಣ ತೆಗೆಯುವುದೂ ಅದೇ ಎಂದರು ಡಾಕ್ಟರಮ್ಮ. "ನಾಳೆ ಬಂದಿದ್ದರೆ ನನ್ನ ಕೈಲಿ ಇರುತ್ತಿರಲಿಲ್ಲ." ಆಕ್ಸಿಜನ್ ಇಟ್ಟರು, ಸೂಜಿ ಹಾಕಿದರು. ಪಕ್ಕದ ಮಂಚದ ಹುಡುಗ ಉಳಿಯಲಿಲ್ಲ. ಅವನ ತಾಯಿ ಅಳುವುದನ್ನು ಕೇಳುತ್ತಾ ನನ್ನ ಕೂಸಿನ ಪಾದ ಹಿಡಿದು ಕೂತಿದ್ದೆ. ಬಿಡುವುದಿಲ್ಲ ಎಂದು ಹಠ ಹಿಡಿದು ಕೂತಿದ್ದೆ.

ಒಂದು ಬೆಳಿಗ್ಗೆ ನರ್ಸು ಸೂಜಿ ತಂದಾಗ ಮಂಜುಳಾ ಕಣ್ಣು ಬಿಟ್ಟಳು. "ಅವ್ವಾ, ಇವ್ಳನ್ನ ಓಗು ಅನ್ನು!" ಎಂದು ಜೋರಾಗಿ ಗದರಿದಳು. ನಾವಿಬ್ಬರೂ ಅಳುತ್ತಾ ನಕ್ಕೆವು.

ಊರಿಗೆ ಬಂದು ಪೊಂಗಲಿಟ್ಟು ಹರಕೆ ತೀರಿಸಿದೆವು. ಮುಂದೆ ಹುಟ್ಟಿದ ಮಗನಿಗೆ ಒಂಬತ್ತು ತಿಂಗಳು ತುಂಬುತ್ತಲೇ ದಡಾರದ ಚುಚ್ಚುಮದ್ದು ಹಾಕಿಸಿದೆ. ನಮ್ಮ ಬೀದಿಯ ತಾಯಂದಿರನ್ನೂ ನಾನೇ ಹೊರಡಿಸುತ್ತೇನೆ. ಅಮ್ಮನಿಗೆ ಸಿಟ್ಟು ಬಂದೀತು ಎಂದು ಪಕ್ಕದ ಮನೆಯವಳು ಹಿಂಜರಿದಾಗ ನಮ್ಮತ್ತೆಯೇ ಎದ್ದು ನಿಂತರು:

"ಸೂಜಿ ಆಕ್ಸು, ಏನೂ ಆಗಲ್ಲ. ಅಮ್ಮನ್ನ ನೋಡ್ಬೇಕು ಅಂದ್ರೆ ನಾವೇ ಗುಡಿಗೆ ಓಗಾಣ. ಪಾಪ, ಅವ್ಳು ಯಾಕೆ ಕೂಸಿನ ಮೈಗಂಟ ಬರ್ಬೇಕು?"